ಏರ್‌ಪೋರ್ಟ್‌ಗೆ ಹತ್ತು ರೂಪಾಯಿ
ಬೆಂಗಳೂರು ಏರ್‌ಪೋರ್ಟ್‌ಗೆ ರೈಲಲ್ಲೂ ಹೋಗಬಹುದು ಅಂದ್ರೆ ನಮ್ಮ ಕ್ಲಾಸಲ್ಲಿ ಅರ್ಧ ಜನ ನಂಬಲ್ಲ. ಯಲಹಂಕ–ದೇವನಹಳ್ಳಿ ಮಾರ್ಗದಲ್ಲಿ 2021ರ ಜನವರಿಯಲ್ಲಿ ಏರ್‌ಪೋರ್ಟ್ ಹಾಲ್ಟ್ ಸ್ಟೇಷನ್ ಶುರುವಾದಾಗ ಸಿಟಿಯಿಂದ ಟಿಕೆಟ್ ಬರೀ 10-15 ರೂಪಾಯಿ. ಮೆಜೆಸ್ಟಿಕ್‌ನಿಂದ ವಾಯುವಜ್ರ ಬಸ್ಸಿಗೆ ಅದರ ಹತ್ತು ಪಟ್ಟಿಗಿಂತ ಹೆಚ್ಚು. ಕ್ಯಾಬ್ ಬಗ್ಗೆ ಕೇಳಲೇಬೇಡಿ.

ಅಕ್ಕ ಮೊದಲ ಕೆಲಸಕ್ಕೆ ಪುಣೆಗೆ ಹೊರಟಾಗ ಅಪ್ಪ, "ರೈಲಲ್ಲೇ ಹೋಗೋಣ" ಅಂದ್ರು. ನಾನು ಕೂತು ಲೆಕ್ಕ ಹಾಕಿದೆ. ದಿನಕ್ಕೆ ಓಡೋ ರೈಲು ಕೆಲವೇ. ಇಳಿದ ಮೇಲೂ ಟರ್ಮಿನಲ್ ಸುಮಾರು 4 ಕಿಲೋಮೀಟರ್, ಶಟಲ್ ಬಸ್ ಹತ್ತಬೇಕು. ರೈಲು ತಪ್ಪಿದ್ರೆ ಸಾವಿರಾರು ರೂಪಾಯಿಯ ವಿಮಾನದ ಟಿಕೆಟ್ಟೂ ಹೋಯ್ತು, ಕೆಲಸಕ್ಕೆ ಸೇರೋ ದಿನವೂ ಹೋಯ್ತು. ಹಾಗಾಗಿ ಹೋಗುವಾಗ ಬಸ್ಸು.

ಅಕ್ಕನನ್ನು ಕಳಿಸಿ ಅಪ್ಪ, ನಾನು ವಾಪಸ್ ಬಂದಿದ್ದು ಮಾತ್ರ ರೈಲಲ್ಲಿ. ನಮಗೇನು ಗಡಿಬಿಡಿ? ತಡವಾದ್ರೆ ಪ್ಲಾಟ್‌ಫಾರ್ಮಲ್ಲಿ ಕೂರೋದು, ಅಷ್ಟೇ. ಅದೇ ಹಳಿ, ಅದೇ ಟಿಕೆಟ್, ಆದ್ರೆ ಹೋಗುವಾಗ ದುಬಾರಿ, ಬರುವಾಗ ಅಗ್ಗ. ಕಿಟಕಿ ಪಕ್ಕ ಕೂತ ಅಪ್ಪ ಯಲಹಂಕದವರೆಗೂ ಒಂದು ಮಾತೂ ಆಡಲಿಲ್ಲ. ಆಮೇಲೆ, "ಅವಳು ರಜೆಗೆ ಬಂದಾಗ ಕರ್ಕೊಂಡು ಬರೋಕೆ ಇದೇ ರೈಲು ಸಾಕು" ಅಂದ್ರು.

ಊರಿಗೆ ವಿಮಾನದಲ್ಲಿ ಹೋಗೋ ಗೆಳೆಯರೇ, ಮೊದಲು ಟೈಮ್‌ಟೇಬಲ್ ನೋಡಿ. ನಿಮ್ಮ ಹೊತ್ತಿಗೆ ಮುಟ್ಟಿಸೋ ರೈಲು ಎರಡಿದ್ರೆ ಮೊದಲನೆಯದನ್ನ ಹತ್ತಿ. ಒಂದೇ ಇದ್ರೆ ಬಸ್ಸಿಗೆ ಹೋಗಿ.