ಹಿಮದ ಬಿರುಗಾಳಿಯಲ್ಲಿ ಕಾಲ್ನಡಿಗೆ

ನಮ್ಮ ವಿದ್ಯಾರ್ಥಿನಿಯರು ಕೀರ್ತನೆಗಳ ಗ್ರಂಥವನ್ನು ಓದುತ್ತಾ, ಹಿಮವನ್ನು ಉಣ್ಣೆಗೆ ಹೋಲಿಸಿರುವ ಸ್ಥಳಕ್ಕೆ ಬಂದೊಡನೆ, "ಹಿಮವೆಂದರೆ ಹೇಗಿರುತ್ತದೆ, ಟೀಚರ್?" ಎಂದು ಕೇಳದೆ ಬಿಡುವುದಿಲ್ಲ. ನಮ್ಮ ಸೀಮೆಯ ಮಕ್ಕಳಿಗೆ ಆಲಿಕಲ್ಲು ಗೊತ್ತು, ಮಾಗಿಯ ಮಂಜು ಗೊತ್ತು. ಹಿಮವು ಮಾತ್ರ ಪುಸ್ತಕದೊಳಗಿನ ಮಾತು. ಈ ಸ್ಮರಣ ಸಂಚಿಕೆಗೆ ಏನನ್ನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದುದರಿಂದ, ನಾನು ಕಣ್ಣಾರೆ ಕಂಡ ಒಂದು ಹಿಮದ ಬಿರುಗಾಳಿಯ ಸಂಗತಿಯನ್ನು ತಿಳಿಸುವೆನು.

ನನ್ನ ತಂಗಿಯು ಈ ಶಾಲೆಯ ಹಳೆಯ ವಿದ್ಯಾರ್ಥಿನಿ. ದಾದಿಯ ಶಿಕ್ಷಣವನ್ನು ಪಡೆದು ನ್ಯೂಯಾರ್ಕ್ ನಗರದಲ್ಲಿ ಕೆಲಸದಲ್ಲಿರುವಳು. ಅವಳ ಬಳಿ ಆರು ತಿಂಗಳಿದ್ದ ನಮ್ಮ ತಾಯಿಯವರನ್ನು ಕರೆತರುವುದಕ್ಕಾಗಿ 2016ನೆಯ ಇಸವಿಯ ಜನವರಿಯಲ್ಲಿ ನಾನು ರಜೆ ಪಡೆದು ಅಲ್ಲಿಗೆ ಹೋಗಿದ್ದೆನು.

ಅವಳ ಮನೆಯು ಕ್ವೀನ್ಸ್ ಭಾಗದ ಜ್ಯಾಕ್ಸನ್ ಹೈಟ್ಸ್ ಎಂಬ ಕೇರಿಯಲ್ಲಿರುವುದು. 1909ರಲ್ಲಿ ನದಿಗೆ ಸೇತುವೆಯಾಗಿ, 1917ರಲ್ಲಿ ರೈಲು ಬಂದ ಮೇಲೆ ಬೆಳೆದ ಕೇರಿಯದು. ಐದಾರು ಅಂತಸ್ತಿನ ಇಟ್ಟಿಗೆಯ ಕಟ್ಟಡಗಳು. ಅವುಗಳಲ್ಲಿ ಅನೇಕಕ್ಕೆ ಒಳಗಡೆಯೇ ತೋಟಗಳು. ಮನೆಯಿಂದ ಹೊರಟರೆ ಕಾಲು ಗಂಟೆಯೊಳಗೆ ಹಾಲಿನ ಅಂಗಡಿ, ಔಷಧದ ಅಂಗಡಿ, ಶಾಲೆ, ಸಭಾಮಂದಿರ, ರೈಲು ನಿಲ್ದಾಣ ಎಲ್ಲವೂ ಸಿಕ್ಕುವವು. 74ನೆಯ ಬೀದಿಗೆ ಹೋದರಂತೂ ನಮ್ಮ ದೇಶದ ಬೇಳೆ, ಕೊತ್ತಂಬರಿಸೊಪ್ಪು, ಸೀರೆ ಕುಪ್ಪಸಗಳ ಅಂಗಡಿಗಳೇ ಸಾಲಾಗಿರುವವು. ಈ ಹತ್ತಿರದ ಬೆಲೆಯು ಬಿರುಗಾಳಿಯ ದಿನ ನನಗೆ ಚೆನ್ನಾಗಿ ತಿಳಿಯಿತು.

ಜನವರಿ 22ನೆಯ ತಾರೀಖು ಶುಕ್ರವಾರ ರಾತ್ರಿ ಮಲಗಿದೆವು; ಶನಿವಾರ ಬೆಳಿಗ್ಗೆ ಎದ್ದು ನೋಡಿದರೆ ಕಿಟಕಿಯ ಹೊರಗೆ ಬೀದಿಯೇ ಇಲ್ಲ. ಉತ್ತರದ ತಣ್ಣನೆಯ ಗಾಳಿಯೂ ಸಮುದ್ರದ ಬೆಚ್ಚನೆಯ ತೇವದ ಗಾಳಿಯೂ ಕರಾವಳಿಯ ಬಳಿ ಸಂಧಿಸಿ ಸುಳಿಯೇಳುವುದರಿಂದ ಇಂತಹ ಬಿರುಗಾಳಿಗಳು ಹುಟ್ಟುವವು. ಆ ಸಲ ಸೆಂಟ್ರಲ್ ಪಾರ್ಕಿನಲ್ಲಿ 27.5 ಅಂಗುಲ ಹಿಮ ಬಿದ್ದಿತು. 1869ರಿಂದ ಇಟ್ಟಿರುವ ಅಲ್ಲಿನ ಲೆಕ್ಕದಲ್ಲಿ, ಒಂದೇ ಬಿರುಗಾಳಿಗೆ ಅಷ್ಟು ಹಿಮವು ಅದುವರೆಗೆ ಬಿದ್ದಿರಲಿಲ್ಲ. ನಮ್ಮ ತಾಯಿಯವರು ಶಾಲನ್ನು ಹೊದ್ದು ಕಿಟಕಿಯ ಬಳಿ ಕುಳಿತು, "ಬೂರುಗದ ಹತ್ತಿಯನ್ನು ಯಾರೋ ಹಿಂಜುತ್ತಿರುವ ಹಾಗಿದೆಯಲ್ಲೇ!" ಎಂದರು. ಉಣ್ಣೆಯನ್ನು ಕಾಣದ ಊರಿನಲ್ಲಿ ಹುಟ್ಟಿದವರಿಗೆ ಹತ್ತಿಯೇ ನೆನಪಾಗುವುದು ಸಹಜ.

ಮಧ್ಯಾಹ್ನಕ್ಕೆ ಬಸ್ಸುಗಳು ನಿಂತವು. ಎರಡೂವರೆ ಗಂಟೆಯ ಮೇಲೆ ಖಾಸಗಿ ಮೋಟಾರುಗಳು ಬೀದಿಗಿಳಿಯಬಾರದೆಂದು ಅಪ್ಪಣೆಯಾಯಿತು. ನಾಲ್ಕು ಗಂಟೆಗೆ, ನೆಲದ ಮೇಲೆ ಓಡುವ ರೈಲುಗಳೂ ನಿಂತವು. ಆದರೆ ತಂಗಿಗೆ ಆ ಸಂಜೆ ಏಳು ಗಂಟೆಗೆ ಆಸ್ಪತ್ರೆಯಲ್ಲಿ ರಾತ್ರಿಯ ಪಾಳಿ. ದೂರದಿಂದ ಬರಬೇಕಾದವರು ಬರಲಾರರು. ಹಗಲೆಲ್ಲಾ ದುಡಿದವರು ಮನೆಗೆ ಹೋಗಲಾರರು. "ನಾನಾದರೂ ಹೋಗದಿದ್ದರೆ ಹೇಗೆ, ಅಕ್ಕಾ? ನಡೆದರೆ ತಲುಪುವಷ್ಟು ದೂರ ತಾನೆ" ಎಂದು ಅವಳು ಮೊಣಕಾಲಿನವರೆಗಿನ ಬೂಟು ತೊಟ್ಟಳು. ನಾನೂ ಅವಳ ಇನ್ನೊಂದು ಕೋಟನ್ನು ಹಾಕಿಕೊಂಡು ಜೊತೆಗೆ ಹೊರಟೆನು.

ಎಂದಿಗೆ ಹದಿನೈದು ನಿಮಿಷದ ದಾರಿಗೆ ಅಂದು ಮುಕ್ಕಾಲು ಗಂಟೆ ಹಿಡಿಯಿತು. ಮುಂದೆ ಹೋದವರ ಹೆಜ್ಜೆಯ ಗುಳಿಗಳಲ್ಲೇ ನಮ್ಮ ಕಾಲನ್ನಿಡುತ್ತಾ ನಡೆದೆವು. ರೂಸ್‌ವೆಲ್ಟ್ ಅವೆನ್ಯೂವಿನ ನೆತ್ತಿಯ ಮೇಲೆ ಉಕ್ಕಿನ ಕಂಬಗಳ ಮೇಲೆ ರೈಲು ಹಾಯುವುದುಂಟು. ಎಂದಿಗೆ ಅದರಡಿಯಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸದು. ಅಂದು ಅಲ್ಲಿ ನಮ್ಮ ಉಸಿರಿನ ಸದ್ದು ಕೇಳಿಸಿತು. ಹೊಸ ಹಿಮದ ಕಣಗಳ ನಡುವೆ ಗಾಳಿಯ ಸಂದುಗಳಿರುವುದರಿಂದ ಅದು ಶಬ್ದವನ್ನು ಹೀರಿಕೊಳ್ಳುವುದೆಂದು ವಿಜ್ಞಾನದ ಪಾಠದಲ್ಲಿ ನೀವು ಕಲಿಯಬಹುದು. ಕಿವಿಯಿಂದ ಕಲಿಯುವ ಭಾಗ್ಯ ನನಗೆ ದೊರೆಯಿತು.

ಆಸ್ಪತ್ರೆಯ ಬಾಗಿಲಲ್ಲಿ ತಂಗಿಯನ್ನು ಬಿಟ್ಟು ಒಬ್ಬಳೇ ಹಿಂದಿರುಗುವಾಗ ನನಗೆ ಭಯವಾಗಲಿಲ್ಲ. ಬೀದಿಯ ನಡುವೆ ಜನರು ನಡೆಯುತ್ತಿದ್ದರು. ಮಕ್ಕಳು ತಟ್ಟೆಗಳ ಮೇಲೆ ಕುಳಿತು ಜಾರುತ್ತಿದ್ದರು. ಎಂದೂ ಮಾತನಾಡದವರು ಆ ಸಂಜೆ ನಿಂತು ಕ್ಷೇಮವನ್ನು ವಿಚಾರಿಸಿದರು. ದೀಪದ ಕಂಬದ ಕೆಳಗೆ ನಿಂತು ತಲೆಯೆತ್ತಿ ನೋಡಿದೆನು: ಕೋಟ್ಯಂತರ ಬಿಳಿಯ ಹೂಗಳು ನನ್ನೊಬ್ಬಳ ಮೇಲೆಯೇ ಸುರಿಯುತ್ತಿರುವಂತೆ ತೋರಿತು. ತೋಳಿನ ಮೇಲೆ ಬಿದ್ದ ಒಂದು ಕಣಕ್ಕೆ ಪುಸ್ತಕದಲ್ಲಿ ಹೇಳಿದಂತೆಯೇ ಆರು ಮೂಲೆಗಳಿದ್ದವು. ತೆರೆದಿದ್ದ ಒಂದು ಅಂಗಡಿಯಲ್ಲಿ ಎರಡು ಡಬ್ಬ ಹಾಲನ್ನು ಕೊಂಡು, ಒಂದನ್ನು ಮೇಲಂತಸ್ತಿನಲ್ಲಿ ಒಂಟಿಯಾಗಿದ್ದ ವೃದ್ಧೆಗೆ ಕೊಟ್ಟೆನು. ಆಕೆಯ ಭಾಷೆ ನನಗೆ ಬಾರದು, ನನ್ನದು ಆಕೆಗೆ ಬಾರದು. ಆದರೂ ಬಿಸಿ ಚಹಾ ಕುಡಿಯದೆ ಹೊರಡಲು ಆಕೆ ಬಿಡಲಿಲ್ಲ.

ಭಾನುವಾರ ಬೆಳಿಗ್ಗೆ ಬಿಸಿಲು ಬಂದಿತು. ಬೀದಿಯುದ್ದಕ್ಕೂ ಸಲಿಕೆಗಳ ಸದ್ದು. ಹಿಮವು ನಿಂತ ಮೇಲೆ ಇಷ್ಟು ಗಂಟೆಗಳೊಳಗೆ ತನ್ನ ಕಟ್ಟಡದ ಮುಂದಿನ ಕಾಲುದಾರಿಯನ್ನು ಅದರ ಒಡೆಯನೇ ತೆರವು ಮಾಡಬೇಕೆಂಬುದು ಆ ನಗರದ ಕಾನೂನು. ಬೀದಿಯ ನಡುಭಾಗವು ನಗರಾಡಳಿತದ ಹೊಣೆ, ಅಂಚು ಮನೆಯವರದು. ಬಳಿಕ ಹಿಮವು ಮತ್ತೆ ಗಟ್ಟಿಯಾಗದಂತೆ ಉಪ್ಪನ್ನು ಎರಚುವರು. ತಾಯಿಯವರ ಕೈ ಹಿಡಿದು 35ನೆಯ ಅವೆನ್ಯೂವಿನ ಮೂಲೆಯವರೆಗೆ ಹೋದೆನು. ಅಲ್ಲಿನ ಮೆಥೊಡಿಸ್ಟ್ ಸಭೆಯ ಮಂದಿರದಲ್ಲಿ, ಕೆಲಸವಿಲ್ಲದೆ ಕುಳಿತಿದ್ದ ಆಲ್ಫ್ರೆಡ್ ಬಟ್ಸ್ ಎಂಬ ವಾಸ್ತುಶಿಲ್ಪಿಯು 1930ರ ದಶಕದಲ್ಲಿ ತಾನು ಕಲ್ಪಿಸಿದ ಪದಗಳ ಆಟವನ್ನು ನೆರೆಯವರೊಡನೆ ಆಡಿ ನೋಡುತ್ತಿದ್ದನಂತೆ. ನೀವು ಆಡುವ ಸ್ಕ್ರ್ಯಾಬಲ್ ಅದೇ. ಅದರ ನೆನಪಿಗಾಗಿ ಅಲ್ಲಿಯ ಬೀದಿಯ ಫಲಕದಲ್ಲಿ ಪ್ರತಿ ಅಕ್ಷರಕ್ಕೂ ಆಟದ ಅಂಕವನ್ನು ಬರೆದಿರುವರು. ಹಿಂದಿರುಗುವಷ್ಟರಲ್ಲಿ ತಂಗಿಯೂ ಪಾಳಿ ಮುಗಿಸಿ, ಅಪರಿಚಿತರು ತೆರವು ಮಾಡಿದ ದಾರಿಯಲ್ಲಿ ನಡೆದು ಬಂದಳು.

ಇದನ್ನು ಬರೀ ಸಂತೋಷದ ಕಥೆಯೆಂದು ತಿಳಿಯಬೇಡಿರಿ. ಆ ಬಿರುಗಾಳಿಯಲ್ಲಿ ಹಲವರು ಪ್ರಾಣ ಕಳೆದುಕೊಂಡರು: ಹಿಮವನ್ನೆತ್ತುವಾಗ ಎದೆ ಬಿರಿದವರುಂಟು, ಹೊಗೆಯ ಕೊಳವೆಯು ಹಿಮದಿಂದ ಮುಚ್ಚಿದ ಮೋಟಾರಿನೊಳಗೆ ಬೆಚ್ಚಗೆ ಕುಳಿತು ವಿಷವಾಯುವಿನಿಂದ ಸತ್ತವರುಂಟು. ನಮಗೆ ಅದು ಹಬ್ಬವಾದುದಕ್ಕೆ ಕಾರಣಗಳಿದ್ದವು. ಮನೆಯು ಬೆಚ್ಚಗಿತ್ತು, ಬೇಕಾದುದೆಲ್ಲ ಕಾಲ್ನಡಿಗೆಯಲ್ಲಿತ್ತು, ಪ್ರತಿಯೊಬ್ಬರೂ ತಮ್ಮ ಬಾಗಿಲ ಮುಂದಿನ ಹತ್ತು ಗಜವನ್ನು ತಮ್ಮದೆಂದು ಎಣಿಸಿದರು. ಅಂತಹ ಹತ್ತು ಗಜಗಳು ಸೇರಿದುದರಿಂದಲೇ ಒಬ್ಬ ದಾದಿಯು ತನ್ನ ರೋಗಿಗಳ ಬಳಿಯಿಂದ ಮನೆಗೆ ನಡೆದು ಬಂದಳು.

ಪ್ರಿಯ ವಿದ್ಯಾರ್ಥಿನಿಯರೇ, ನಮ್ಮೂರಿನಲ್ಲಿ ಹಿಮ ಬೀಳದು. ಆದರೆ ಮಳೆಗಾಲದಲ್ಲಿ ಶಾಲೆಯ ಗೇಟಿನ ಮುಂದೆ ನೀರು ನಿಂತಾಗ, ಚಿಕ್ಕ ತರಗತಿಯ ಹುಡುಗಿಯರು ಲಂಗವನ್ನೆತ್ತಿ ಹಿಡಿದು ದಾಟುವುದನ್ನು ನೀವು ನೋಡಿರುವಿರಿ. ಮೋರಿಯ ಬಾಯಿಗೆ ಅಡ್ಡವಾದ ಎಲೆಯ ರಾಶಿಯನ್ನು ತೆಗೆಯಲು ಒಂದು ಸಲಿಕೆ ಸಾಕು. ಅದು ತೋಟದ ಕೋಣೆಯಲ್ಲಿದೆ, ಬೀಗವನ್ನು ಹಾಕಿಲ್ಲ.