ಸತ್ತವನ ಸಂಬಳ ಎಷ್ಟು?

ದಿಯಾ, ಅಂದರೆ ಇಸ್ಲಾಮೀ ಕಾನೂನಿನಲ್ಲಿ ಸತ್ತವರ ಕುಟುಂಬಕ್ಕೆ ಕೊಡುವ ಪರಿಹಾರಧನ, ಎಂದ ಕೂಡಲೇ ‘ದುಡ್ಡು ಕೊಟ್ಟು ಕೊಲೆ ಮುಚ್ಚಿಹಾಕೋದು’ ಎನ್ನುವವರೇ ಹೆಚ್ಚು. ಆದರೆ 2019ರ ದುಬೈ ಬಸ್ ಅಪಘಾತ ನೋಡಿ. ಎತ್ತರದ ವಾಹನ ತಡೆಯುವ ಕಬ್ಬಿಣದ ಕಂಬಿಗೆ ಬಸ್ಸು ಬಡಿದು 17 ಮಂದಿ ಸತ್ತರು, ಅವರಲ್ಲಿ 12 ಜನ ಭಾರತೀಯರು. ಕೆಳ ನ್ಯಾಯಾಲಯ ಚಾಲಕನಿಗೆ ಜೈಲಿನ ಜೊತೆಗೆ 34 ಲಕ್ಷ ದಿರ್ಹಮ್ ದಿಯಾ ವಿಧಿಸಿತು. ತಲಾ 2 ಲಕ್ಷ. ಸತ್ತವನು ಮ್ಯಾನೇಜರೋ ಮೇಸ್ತ್ರಿಯೋ ಎಂಬ ಪ್ರಶ್ನೆಯೇ ಇಲ್ಲ. ನಮ್ಮಲ್ಲಿ ಅದೇ ಮೊದಲ ಪ್ರಶ್ನೆ. ಮಂಗಳೂರಿನಲ್ಲಿ 2010ರಲ್ಲಿ ದುಬೈ ವಿಮಾನ ಬಿದ್ದು 158 ಜನ ಸತ್ತರಲ್ಲ, ಅವರಲ್ಲಿ ಒಬ್ಬ ಹಿರಿಯ ಅಧಿಕಾರಿಯ ಕುಟುಂಬಕ್ಕೆ ಸುಪ್ರೀಂ ಕೋರ್ಟ್ 2020ರಲ್ಲಿ 7.64 ಕೋಟಿ ರೂಪಾಯಿ ಗೊತ್ತುಮಾಡಿದ್ದು ಅವರ ಸಂಬಳ ನೋಡಿ. ಮೈಸೂರಿನ ಚಾಮರಾಜಪುರಂನ ರಸ್ತೆಯಲ್ಲಿ ಲಾರಿ ಗುದ್ದಿದರೂ ವಯಸ್ಸು, ಆದಾಯಗಳದ್ದೇ ಗುಣಾಕಾರ.

ಅವಲಂಬಿತರ ನಷ್ಟ ಎಲ್ಲರದ್ದೂ ಒಂದೇ ಅಲ್ಲವಲ್ಲ ಎನ್ನಬಹುದು. ನಿಜ, ಆದರೆ ಅದು ಕೂಡಿಸಬೇಕಾದ ಎರಡನೇ ಮೊತ್ತ. ಜೀವಕ್ಕೇ ಒಂದು ಸಮಾನ ಮೊತ್ತ ಮೊದಲು ಇರಲಿ. ಹಾಗಂತ ದಿಯಾ ಕಳಂಕವಿಲ್ಲದ್ದೇನಲ್ಲ. ಸಾಂಪ್ರದಾಯಿಕ ಇಸ್ಲಾಮೀ ಧರ್ಮಶಾಸ್ತ್ರವಾದ ಫಿಕ್ಹ್‌ನಲ್ಲಿ ಹೆಂಗಸಿಗೆ ಅರ್ಧವೇ. ಮರಣದಂಡನೆಯ ಪ್ರಕರಣಗಳಲ್ಲಂತೂ ಸತ್ತವರ ಕುಟುಂಬ ಕೇಳಿದಷ್ಟು: ಸೌದಿಯಲ್ಲಿದ್ದ ಕೋಳಿಕ್ಕೋಡಿನ ಒಬ್ಬರನ್ನು ಆ ಶಿಕ್ಷೆಯಿಂದ ಉಳಿಸಲು 2024ರಲ್ಲಿ ಜನ 34 ಕೋಟಿ ರೂಪಾಯಿ ಚಂದಾ ಎತ್ತಬೇಕಾಯಿತು. ನಾವು ಎರವಲು ತರಬೇಕಾದದ್ದು ಈ ಚೌಕಾಸಿಯನ್ನಲ್ಲ, ಆ 2 ಲಕ್ಷದ ಸಮ ಲೆಕ್ಕವನ್ನು.