ಮಗು ಎಂಬ ಪದವಿ

ಕನ್ನಡದಲ್ಲಿ ‘ಮಗು’ ಎಂಬ ಶಬ್ದಕ್ಕೆ ಒಂದು ವಿಶೇಷ ರಿಯಾಯಿತಿ ಉಂಟು. ಗಂಡಾಗಲಿ ಹೆಣ್ಣಾಗಲಿ, ಮಗು ಬಂದಿತು, ಮಗು ನಕ್ಕಿತು, ಮಗು ಹಾಲು ಚೆಲ್ಲಿತು ಎಂದೇ ಹೇಳುವುದು ವಾಡಿಕೆ. ವೈಯಾಕರಣರು ಇದನ್ನು ನಪುಂಸಕಲಿಂಗವೆಂದು ಹೇಳಿ ಸುಮ್ಮನಾಗುತ್ತಾರೆ. ತಾಯಂದಿರು ಮಾತ್ರ ಅದರಲ್ಲಿ ಬೇರೊಂದು ಅರ್ಥವನ್ನು ಕಂಡಿದ್ದಾರೆ. ‘ಚೆಲ್ಲಿದನು’, ‘ಚೆಲ್ಲಿದಳು’ ಎಂದೊಡನೆ ಚೆಲ್ಲಿದವರ ಮೇಲೆ ಹೊಣೆ ಬೀಳುತ್ತದೆ. ‘ಚೆಲ್ಲಿತು’ ಎಂದರೆ ಯಾರ ಮೇಲೂ ಬೀಳುವುದಿಲ್ಲ. ಗಾಳಿ ಬೀಸಿತು, ಮಳೆ ಸುರಿಯಿತು, ಮಗು ಹಾಲು ಚೆಲ್ಲಿತು. ಮೂರನ್ನೂ ಒಂದೇ ಸಮಾಧಾನದಿಂದ ಸಹಿಸಿ ಮುಂದಿನ ಕೆಲಸಕ್ಕೆ ಹೋಗಬೇಕು.

ಇಂಥ ಸುಖದ ಪದವಿ ಒಂದು ಮನೆಯಲ್ಲಿ ಸಾಮಾನ್ಯವಾಗಿ ಒಂದೇ ಇರುತ್ತದೆ. ಎರಡನೆಯ ಕೂಸು ತೊಟ್ಟಿಲಿಗೆ ಬಂದ ದಿನವೇ ಮೊದಲನೆಯದು ಅದನ್ನು ಬಿಟ್ಟುಕೊಡಬೇಕು. ಅದಕ್ಕೆ ಬದಲಾಗಿ ‘ಅಣ್ಣ’ ಅಥವಾ ‘ಅಕ್ಕ’ ಎಂಬ ಬಡ್ತಿ ದೊರೆಯುತ್ತದೆ, ನಿಜ. ಆದರೆ ಆ ಬಡ್ತಿಯನ್ನು ಕೇಳಿದವರು ಯಾರು? ಎರಡು ವರ್ಷದ ಜೀವ ಅದಕ್ಕಾಗಿ ಅರ್ಜಿ ಹಾಕಿಕೊಂಡಿರುವುದಿಲ್ಲ.

ಬೆಂಗಳೂರಿನ ಜಯನಗರದಲ್ಲಿ ಅಂಥದೊಂದು ಮಗು ಇತ್ತು. ಜಯನಗರವು ಸ್ವಾತಂತ್ರ್ಯದ ಮರುವರ್ಷ, 1948ರಲ್ಲಿ, ರೂಪುಗೊಳ್ಳತೊಡಗಿದ ಬಡಾವಣೆ. ಅಗಲವಾದ ರಸ್ತೆಗಳು, ಸಾಲುಮರಗಳು, ಮನೆಯ ಮುಂದೆ ನಾಲ್ಕು ಹೂಗಿಡಗಳು ಅದರ ಲಕ್ಷಣವಾಗಿದ್ದವು. ಸಾಲುಮರಗಳು ಇಂದಿಗೂ ಅನೇಕ ಕಡೆ ಉಳಿದಿವೆ. ಹೂಗಿಡಗಳ ಜಾಗದಲ್ಲಿ ಕಾರುಗಳು ನಿಂತಿವೆ. ಒಂದಂತಸ್ತಿನ ಮನೆಗಳು ಬೆಳೆದು ಮೂರು, ನಾಲ್ಕು ಅಂತಸ್ತುಗಳಾಗಿವೆ. ಈ ಸಂಸಾರ ಬಾಡಿಗೆಗೆ ಇದ್ದುದು ಅಂಥ ಒಂದು ಕಟ್ಟಡದ ಎರಡನೆಯ ಮಹಡಿಯಲ್ಲಿ. ಲಿಫ್ಟ್ ಇರಲಿಲ್ಲ. ಮನೆಯ ಬಾಗಿಲು ಮುಟ್ಟಲು ಮೂವತ್ತೆರಡು ಮೆಟ್ಟಿಲು ಹತ್ತಬೇಕಾಗಿತ್ತು. ಮಗುವಿಗೆ ಈ ಮೆಟ್ಟಿಲುಗಳ ಪರಿಚಯವೇ ಇರಲಿಲ್ಲವೆನ್ನಬಹುದು. ಅವುಗಳ ಬುಡದಲ್ಲಿ ನಿಂತು ಎರಡೂ ಕೈ ಮೇಲಕ್ಕೆತ್ತಿ “ಎತ್ಕೋ” ಎಂದರೆ ಸಾಕು, ಕ್ಷಣಾರ್ಧದಲ್ಲಿ ಅದು ತಾಯಿಯ ಸೊಂಟದ ಮೇಲೆ ಕುಳಿತು ಲೋಕವನ್ನು ಮೇಲಿನಿಂದ ನೋಡುತ್ತಿತ್ತು.

ಹೀಗಿರುವಾಗ ತಾಯಿ ಮತ್ತೆ ಬಸುರಿಯಾದಳು.

ಚೊಚ್ಚಲ ಬಸುರಿಗೆ ನಾಡು ತೋರಿಸುವ ಆದರ ದೊಡ್ಡದು. ಬಯಕೆಯ ಊಟ, ಕೈತುಂಬ ಹಸಿರು ಬಳೆ, ಸೀಮಂತದ ಆರತಿ, ಆಮೇಲೆ ತವರಿಗೆ ಪಯಣ. ಎರಡನೆಯ ಸಲಕ್ಕೆ ಈ ಸಡಗರವೆಲ್ಲ ಬಹುಮಟ್ಟಿಗೆ ಇಳಿದಿರುತ್ತದೆ. “ಎರಡನೆಯದಲ್ಲವೆ, ಅಭ್ಯಾಸವಿದೆ” ಎಂದು ಜನ ಹೇಳುತ್ತಾರೆ. ಬಸಿರು ಅಭ್ಯಾಸದಿಂದ ಹಗುರವಾಗುವ ವಿದ್ಯೆಯಲ್ಲವೆಂಬುದು ಹೊತ್ತವರಿಗೆ ಗೊತ್ತು. ಮೊದಲ ಸಲ ಆಯಾಸವಾದಾಗ ಮಲಗಬಹುದಾಗಿತ್ತು. ಈ ಸಲ ಮಲಗಗೊಡದ ವ್ಯಕ್ತಿಯೊಂದು ಮನೆಯಲ್ಲೇ ಇದೆ. ಅದಕ್ಕೆ ಬೆಳಗಿನ ಆರು ಗಂಟೆಗೆ ಬಣ್ಣದ ಪೆನ್ಸಿಲ್ಲು ಬೇಕು, ತಟ್ಟೆಯ ಇಡ್ಲಿಯನ್ನು ಮುರಿಯಬಾರದು, ಮುರಿದರೆ ಮತ್ತೆ ಅಂಟಿಸಿ ಕೊಡಬೇಕು.

ಐದನೆಯ ತಿಂಗಳ ತಪಾಸಣೆಯಲ್ಲಿ ವೈದ್ಯೆ ಎರಡು ಸಂಗತಿಗಳನ್ನು ಹೇಳಿದರು. ಮೊದಲನೆಯದು, ರಕ್ತಹೀನತೆ. ಗರ್ಭಿಣಿಯ ನೂರು ಮಿಲಿಲೀಟರ್ ರಕ್ತದಲ್ಲಿ ಹಿಮೊಗ್ಲೋಬಿನ್ ಸುಮಾರು 11 ಗ್ರಾಂ ಆದರೂ ಇರಬೇಕು, ಈಕೆಗೆ 9.2 ಇತ್ತು. ಒಂದು ಹೆರಿಗೆಯಲ್ಲಿ, ಆಮೇಲಿನ ಹಾಲೂಡಿಕೆಯಲ್ಲಿ ದೇಹ ಕಳೆದುಕೊಂಡದ್ದು ಮತ್ತೆ ತುಂಬಿಕೊಳ್ಳಲು ಕಾಲ ಬೇಕು. ಹೆರಿಗೆಯಾದ ಮೇಲೆ ಮುಂದಿನ ಗರ್ಭಕ್ಕೆ ಎರಡು ವರ್ಷವಾದರೂ ಬಿಡುವಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವುದು ಇದಕ್ಕಾಗಿಯೇ. ಇಲ್ಲಿ ಆ ಲೆಕ್ಕಕ್ಕೆ ನಾಲ್ಕು ತಿಂಗಳು ಕಡಿಮೆಯಾಗಿತ್ತು. ಎರಡನೆಯದು ಇನ್ನೂ ಗಂಭೀರವಾದದ್ದು: ಮಾಸು ಗರ್ಭಕೋಶದಲ್ಲಿ ತೀರ ಕೆಳಗೆ ಕುಳಿತಿತ್ತು. ಗರ್ಭಕೋಶ ಬೆಳೆದಂತೆ ಅದು ಮೇಲಕ್ಕೆ ಸರಿಯುವುದು ಬಹಳ ಮಂದಿಯಲ್ಲಿ ಉಂಟು. ಸರಿಯದಿದ್ದರೆ ರಕ್ತಸ್ರಾವದ ಭಯ. ಮೊದಲೇ ರಕ್ತ ಸಾಲದ ದೇಹಕ್ಕೆ ಅದನ್ನು ತಾಳುವ ಶಕ್ತಿ ಕಡಿಮೆ. ಆದ್ದರಿಂದ ಕಬ್ಬಿಣದ ಮಾತ್ರೆ ತಪ್ಪಬಾರದು, ಭಾರ ಎತ್ತಬಾರದು.

“ಮಗುವನ್ನು?” ಎಂದು ತಾಯಿ ಕೇಳಿದಳು.

“ಎಷ್ಟು ತೂಕ?”

“ಹನ್ನೊಂದು ಕಿಲೋ.”

“ಅದೂ ಭಾರವೇ ಅಲ್ಲವೇನಮ್ಮ?”

ಮಾತ್ರೆಯ ವಿಷಯ ಸುಲಭವಾಗಿಯೇ ನೆರವೇರಿತು. ಕಾಫಿ ಟೀಗಳೊಡನೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ, ನಿಂಬೆಯ ಹುಳಿ ಜೊತೆಗಿದ್ದರೆ ಹೆಚ್ಚುತ್ತದೆ. ಸುಣ್ಣದ ಅಂಶದ ಮಾತ್ರೆಯನ್ನು ಬೇರೆ ಹೊತ್ತಿನಲ್ಲಿ ನುಂಗಬೇಕು. ಮನೆಯ ಬೆಳಗಿನ ಕಾಫಿ ಒಂದೂವರೆ ಗಂಟೆ ಹಿಂದಕ್ಕೆ ಹೋಯಿತು. ಬೆಂಗಳೂರಿನ ಸಂಸಾರಕ್ಕೆ ಇದು ಸಣ್ಣ ತ್ಯಾಗವಲ್ಲ. ಆದರೆ ‘ಎತ್ಕೋ’ ಎಂಬ ಎರಡಕ್ಷರಕ್ಕೆ ಉತ್ತರ ಯಾವ ಔಷಧದ ಚೀಟಿಯಲ್ಲಿಯೂ ಇರಲಿಲ್ಲ.

ಮಾಸು ಎಂದರೇನು, ರಕ್ತ ಎಂದರೇನು ಎಂದು ಎರಡು ವರ್ಷದ ಮಗುವಿಗೆ ತಿಳಿಸಿ ಹೇಳುವ ಬಗೆ ಹೇಗೆ? ಅದಕ್ಕೆ ಗೊತ್ತಿದ್ದುದು ಇಷ್ಟೇ: ನಿನ್ನೆಯವರೆಗೆ ಎತ್ತಿಕೊಳ್ಳುತ್ತಿದ್ದ ಕೈ ಇಂದು ಎತ್ತಿಕೊಳ್ಳಲಿಲ್ಲ. ತರಕಾರಿಯ ಚೀಲದೊಡನೆ ಮೆಟ್ಟಿಲ ಬುಡದಲ್ಲಿ ನಿಂತ ತಾಯಿ, “ನಡಿ ಪುಟ್ಟಿ, ನೀನೇ ಹತ್ತು” ಎಂದಳು. ಮಗು ಕೈ ಮೇಲಕ್ಕೆತ್ತಿತು. ತಾಯಿ ಬಗ್ಗಲಿಲ್ಲ. ಮಗು ಇನ್ನೂ ಗಟ್ಟಿಯಾಗಿ ಹೇಳಿತು. ಬಹುಶಃ ಕೇಳಿಸಲಿಲ್ಲವೆಂದು ಅದು ತಿಳಿದಿರಬೇಕು. ಆಮೇಲೆ ಮೂರನೆಯ ಮೆಟ್ಟಿಲಿನ ಮೇಲೆ ಬೋರಲು ಬಿದ್ದು ಅತ್ತಿತು. ಕೆಳಮನೆಯವರು ಬಾಗಿಲು ತೆರೆದು ನೋಡಿ, ಇಷ್ಟು ಅಳಿಸುವ ತಾಯಿಯೂ ಉಂಟೆ ಎಂಬಂತೆ ಮುಖ ಮಾಡಿದರು. ಅಂದು ಸಂಜೆ ತಂದೆ ಕಛೇರಿಯಿಂದ ಬರುವವರೆಗೂ ಇಬ್ಬರೂ ಮೆಟ್ಟಿಲಿನ ಮೇಲೆಯೇ ಕುಳಿತಿದ್ದರು. ಆ ವಾರದಲ್ಲಿ ಇದು ಮೂರು ಬಾರಿ ನಡೆಯಿತು. ಮಗು ತಾಯಿಯ ಕೈಯ ಊಟವನ್ನು ಬಿಟ್ಟಿತು; ಬಿಟ್ಟುಹೋಗಿದ್ದ ಹಾಲಿನ ಬಾಟಲನ್ನು ಮತ್ತೆ ಕೇಳಿತು; ರಾತ್ರಿ ಎದ್ದು, ತಾಯಿ ಇದ್ದಾಳೆಯೇ ಎಂದು ಕತ್ತಲಲ್ಲಿ ಕೈಯಿಂದ ತಡಕಿ ನೋಡತೊಡಗಿತು.

ಎರಡನೆಯ ಹೆರಿಗೆಗೆ ಮಗಳು ತವರಿಗೆ ಹೋಗದಿದ್ದರೇನು, ತವರೇ ಮಗಳ ಬಳಿಗೆ ಬರಬಹುದು. ಅರಸೀಕೆರೆಯಿಂದ ಅಜ್ಜಿ ಬಂದಳು. ಆಕೆ ಆರು ಮಂದಿ ಮಕ್ಕಳಲ್ಲಿ ನಾಲ್ಕನೆಯವಳು. ಅಂಥ ಮನೆಗಳಲ್ಲಿ ಮಗುವಿನ ಪದವಿ ಬೇಗ ಬೇಗ ಕೈ ಬದಲಾಗುತ್ತಿತ್ತು. ಇಳಿದವರಿಗೆ ಜೊತೆಗಾರರೂ ಇರುತ್ತಿದ್ದರು, ಎತ್ತಿಕೊಳ್ಳಲು ಅತ್ತೆ, ಚಿಕ್ಕಮ್ಮ, ಸೋದರಮಾವಂದಿರ ಸೊಂಟಗಳು ಸಾಲಾಗಿದ್ದವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಈಗಿನ ಮಗು ಸಿಂಹಾಸನದ ಮೇಲೆ ಬಹುಕಾಲ ಒಂಟಿಯಾಗಿ ಕುಳಿತಿರುತ್ತದೆ; ಎತ್ತಿಕೊಳ್ಳುವ ಸೊಂಟಗಳೂ ಒಂದೋ ಎರಡೋ. ಅಲ್ಲಿಂದ ಇಳಿಯುವುದು ಅದಕ್ಕೆ ಇನ್ನಷ್ಟು ಕಷ್ಟ.

ಅಜ್ಜಿಗೆ ಮೊಣಕಾಲು ನೋವು. ಮೊಮ್ಮಗುವನ್ನು ಹೊತ್ತು ಮೂವತ್ತೆರಡು ಮೆಟ್ಟಿಲು ಹತ್ತುವುದು ಆಕೆಯಿಂದಲೂ ಆಗದ ಮಾತು. ಆದರೆ ಅರಸೀಕೆರೆ ರೈಲ್ವೆ ಜಂಕ್ಷನ್. ಬೆಂಗಳೂರಿನ ದಾರಿಯ ನಿಲ್ದಾಣಗಳೆಲ್ಲ ಆಕೆಗೆ ಮಂತ್ರದಂತೆ ಬಾಯಿಗೆ ಬರುತ್ತಿದ್ದವು. ಮೊದಲ ದಿನವೇ ಮೆಟ್ಟಿಲ ಬುಡದಲ್ಲಿ ನಿಂತು, “ಇದು ಬೆಂಗಳೂರು. ರೈಲು ಹೊರಡುತ್ತೆ, ಹತ್ತೋರು ಹತ್ತಬಹುದು” ಎಂದಳು. ಎರಡು ಮೆಟ್ಟಿಲಿಗೆ ಯಶವಂತಪುರ ಬಂದಿತು, ಇನ್ನೆರಡಕ್ಕೆ ಚಿಕ್ಕಬಾಣಾವರ. ಆಮೇಲೆ ತುಮಕೂರು, ಗುಬ್ಬಿ, ನಿಟ್ಟೂರು, ಸಂಪಿಗೆ ರೋಡ್. ಮೆಟ್ಟಿಲು ತಿರುಗುವ ಕಡೆ ಒಂದು ಅಗಲವಾದ ಕಟ್ಟೆಯಿತ್ತು. “ಅಮ್ಮಸಂದ್ರ” ಎಂದು ಅಜ್ಜಿ ಅಲ್ಲಿ ನಿಂತಳು. ರೈಲ್ವೆಯ ಲೆಕ್ಕದಲ್ಲಿ ಅಮ್ಮಸಂದ್ರ ನಡುದಾರಿಯಲ್ಲಿಲ್ಲ, ಅದನ್ನು ದಾಟಿ ಬಹು ಮುಂದಿದೆ; ಅಜ್ಜಿ ಉದ್ದೇಶಪಟ್ಟೇ ಅದನ್ನು ಹಿಂದಕ್ಕೆ ಎಳೆದು ತಂದಿದ್ದಳು.

“ಇಲ್ಲಿ ಕ್ರಾಸಿಂಗ್. ಎದುರು ಗಾಡಿ ಹೋಗೋವರೆಗೂ ನಮ್ಮ ಗಾಡಿ ನಿಲ್ಲಬೇಕು. ಅಮ್ಮ ಕೂತ್ಕೋತಾಳೆ. ಅಮ್ಮಸಂದ್ರ ಅಂದಮೇಲೆ ಅಮ್ಮನ ತೊಡೆ ಇರಬೇಡವೆ?”

ತಾಯಿ ಕುಳಿತಳು. ಎತ್ತುವುದಕ್ಕೆ ನಿಷೇಧವಿತ್ತು, ಕುಳಿತು ತೊಡೆಯ ಮೇಲೆ ಕೂಡಿಸಿಕೊಳ್ಳಲು ಯಾವ ನಿಷೇಧವೂ ಇರಲಿಲ್ಲ. ಇಷ್ಟು ಸರಳವಾದ ವಿಷಯ ಅಷ್ಟು ದಿನ ಯಾರಿಗೂ ಹೊಳೆದಿರಲಿಲ್ಲ. ಸ್ವಲ್ಪ ಹೊತ್ತಿಗೆ ಬಾಣಸಂದ್ರ, ತಿಪಟೂರುಗಳನ್ನು ದಾಟಿ ರೈಲು ಅರಸೀಕೆರೆಯನ್ನು, ಅಂದರೆ ಮನೆಯ ಬಾಗಿಲನ್ನು, ತಲುಪಿತು.

ಅಂದಿನಿಂದ ಮಗು ದಿನಕ್ಕೆ ಎರಡು ಬಾರಿ ಅರಸೀಕೆರೆಗೆ ಹೋಗಿಬರತೊಡಗಿತು. ಒಂದೊಂದು ದಿನ ಅಮ್ಮಸಂದ್ರದಲ್ಲಿ ಎದುರು ಗಾಡಿ ಬಹಳ ತಡವಾಗಿ ಬರುತ್ತಿತ್ತು. ಕೆಳಮನೆಯವರು ಕೂಡ ಆಟಕ್ಕೆ ಒಗ್ಗಿಕೊಂಡು, ಅಡ್ಡ ಬಂದಾಗ ಸಿಗ್ನಲ್ ಬೀಳುವವರೆಗೆ ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಒಮ್ಮೆ ಮಗು ಬಾಗಿ, ಕಾಲುಗಳ ನಡುವಿನಿಂದ ಹಿಂದಕ್ಕೆ ನೋಡುತ್ತಿದ್ದುದನ್ನು ಕಂಡು, ಹಾಗೆ ನೋಡುವ ಮಗು ಒಡಹುಟ್ಟನ್ನು ಕರೆಯುತ್ತದೆಂಬ ನಂಬಿಕೆಯನ್ನು ನೆನೆದು, “ಅಮ್ಮನ ಹೊಟ್ಟೆಯಲ್ಲಿ ಏನಿದೆ ಪುಟ್ಟಿ, ತಮ್ಮನೋ ತಂಗಿಯೋ?” ಎಂದು ಕೇಳಿದರು. ಹುಟ್ಟುವ ಕೂಸು ಗಂಡೋ ಹೆಣ್ಣೋ ಎಂದು ಹೇಳುವುದು 1994ರ ಕಾಯಿದೆಯಂತೆ ವೈದ್ಯರಿಗೆ ಅಪರಾಧ. ಸ್ಕ್ಯಾನಿಂಗ್ ಕೊಠಡಿಗಳ ಗೋಡೆಯ ಮೇಲೆ ಆ ಫಲಕ ತೂಗುತ್ತಿರುತ್ತದೆ. ಮಕ್ಕಳ ಬಾಯಿಂದ ಅದೇ ಪ್ರಶ್ನೆಗೆ ಉತ್ತರ ಪಡೆಯಲು ಹವಣಿಸುವವರಿಗೆ ಮಾತ್ರ ಯಾವ ಕಾಯಿದೆಯೂ ಇಲ್ಲ. ಮಗು ಯೋಚಿಸಿ, “ರೈಲು” ಎಂದಿತು.

ಉತ್ತರ ಪೂರ್ತಿ ಸುಳ್ಳೂ ಆಗಿರಲಿಲ್ಲ. ಆರನೆಯ ತಿಂಗಳು ದಾಟುವ ವೇಳೆಗೆ ಗರ್ಭದ ಶಿಶುವಿಗೆ ಹೊರಗಿನ ಸದ್ದು ಮಸಕಾಗಿ ಕೇಳಿಸತೊಡಗುತ್ತದೆ. ತಾಯಿಯ ಧ್ವನಿಯ ತರುವಾಯ ಆ ಶಿಶುವಿಗೆ ಹೆಚ್ಚಾಗಿ ಕೇಳಿಸಿದ್ದು, ಅಮ್ಮಸಂದ್ರದಲ್ಲಿ ಹೊಟ್ಟೆಗೆ ಒರಗಿ ನಿಲ್ದಾಣಗಳ ಹೆಸರನ್ನು ಕೂಗುತ್ತಿದ್ದ ಈ ಸ್ವರವೇ ಇರಬೇಕು.

ಎಂಟನೆಯ ತಿಂಗಳಲ್ಲಿ ಮಾಸು ಮೇಲಕ್ಕೆ ಸರಿದಿತ್ತು, ಹಿಮೊಗ್ಲೋಬಿನ್ 10.8ಕ್ಕೆ ಏರಿತ್ತು. ದಿನ ತುಂಬಿದಾಗ ಒಂದು ನಡುರಾತ್ರಿ ತಾಯಿ, ಅಜ್ಜಿ ಇಬ್ಬರೂ ಆಸ್ಪತ್ರೆಗೆ ಹೋದರು. ಬೆಳಗ್ಗೆ ಎದ್ದ ಮಗುವಿಗೆ ಮನೆಯಲ್ಲಿ ಕಂಡದ್ದು ತಂದೆಯೊಬ್ಬನೇ. ಆತ ಜಡೆ ಹಾಕಿದನು. ಅದು ಅರ್ಧ ಗಂಟೆಯೊಳಗೆ ಬಿಚ್ಚಿಹೋಯಿತು. ರೈಲು ನಡೆಸಿದನು, ನಿಟ್ಟೂರನ್ನು ಬಿಟ್ಟನೆಂದು ಮತ್ತೆ ಬೆಂಗಳೂರಿನಿಂದಲೇ ಹೊರಡಬೇಕಾಯಿತು. ಅಮ್ಮಸಂದ್ರದಲ್ಲಿ ತಂದೆ ಕುಳಿತು ತೊಡೆ ತಟ್ಟಿ ಕರೆದರೆ ಮಗು ಬರಲಿಲ್ಲ. ಕಟ್ಟೆಯ ತುದಿಯಲ್ಲಿ ಗೋಡೆ ಹಿಡಿದು ನಿಂತಿತ್ತು. ಸಂಜೆ ಆಸ್ಪತ್ರೆಗೆ ಕರೆದೊಯ್ದಾಗ, ತಾಯಿಯ ಕೈಗೆ ಅಂಟಿಸಿದ್ದ ಪಟ್ಟಿಯನ್ನು ನೋಡಿ ಮುಖ ತಿರುಗಿಸಿಕೊಂಡಿತು. ತೊಟ್ಟಿಲ ಕಡೆಗಂತೂ ನೋಡಲೇ ಇಲ್ಲ.

ಮೂರನೆಯ ದಿನ ಎಲ್ಲರೂ ಮನೆಗೆ ಬಂದರು. ತಂದೆ ಆರತಿಯ ತಟ್ಟೆಯನ್ನು ಅಣಿಮಾಡಲು ಮೇಲಕ್ಕೆ ಓಡಿದ್ದನು. ಅಜ್ಜಿ ನೋವಿನ ಮೊಣಕಾಲನ್ನೂ ಮರೆತು, ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಎದೆಗವಚಿಕೊಂಡು ಮುಂದೆ ಹತ್ತುತ್ತಿದ್ದಳು. ತಾಯಿ ಮಗುವಿನ ಕೈ ಹಿಡಿದು ಹಿಂದೆ ನಿಧಾನವಾಗಿ ಬರುತ್ತಿದ್ದಳು. ಮೆಟ್ಟಿಲು ತಿರುಗುವ ಕಡೆ ಕೆಳಮನೆಯವರು ಕಾದು ನಿಂತಿದ್ದರು.

“ಎಲ್ಲಿ, ಮಗೂನ ತೋರಿಸಿ” ಎಂದರು ಅವರು ಸಂತೋಷದಿಂದ.

ತಾಯಿಯ ಕೈ ಬಿಟ್ಟು ಮಗು ಎರಡು ಹೆಜ್ಜೆ ಮುಂದೆ ಬಂದು ನಿಂತಿತು. ಕೆಳಮನೆಯವರ ದೃಷ್ಟಿ ಅದರ ತಲೆಯ ಮೇಲಿನಿಂದ ಹಾದು ಅಜ್ಜಿಯ ತೋಳಿನ ಗಂಟಿನ ಮೇಲೆ ನಿಂತಿತು. ಅವರು ಮನಸ್ಸಿನಲ್ಲಿ ಏನನ್ನೂ ಇಟ್ಟುಕೊಂಡು ಹಾಗೆ ಮಾಡಿದವರಲ್ಲ. ಅವಳು—ಇನ್ನು ಹಾಗೆಂದೇ ಹೇಳಬೇಕು—ಒಮ್ಮೆ ಅವರನ್ನು, ಒಮ್ಮೆ ಆ ಬಟ್ಟೆಯ ಗಂಟನ್ನು ನೋಡಿದಳು. ಕೈಗಳು ಅರ್ಧ ಮೇಲಕ್ಕೆದ್ದು ಹಾಗೆಯೇ ನಿಂತವು.

ತಾಯಿ ಕಟ್ಟೆಯ ಮೇಲೆ ಕುಳಿತುಬಿಟ್ಟಳು.

“ಅಮ್ಮಸಂದ್ರ ಬಂತು ಪುಟ್ಟಿ. ಬಾ.”

ಕಳೆದ ತಿಂಗಳಿಗಿಂತ ಈಗ ತೊಡೆಯ ಮೇಲೆ ಹೆಚ್ಚು ಜಾಗವಿತ್ತು. ಅವಳು ಅದರಲ್ಲಿ ಪೂರ್ತಿಯಾಗಿ ಹಿಡಿದಳು. ಅಜ್ಜಿ ಹೊಸ್ತಿಲನ್ನು ಮುಟ್ಟಿ ಆರತಿಗೆ ಕಾಯುತ್ತಿದ್ದಳು. ಕೂಸು ಎಚ್ಚತ್ತು ಅಳತೊಡಗಿತು. “ಬಾರೇ ಬೇಗ” ಎಂದು ಮೇಲಿನಿಂದ ಕೂಗು ಬಂದಿತು. ಅವಳು ತಾಯಿಯ ಭುಜದಿಂದ ತಲೆಯೆತ್ತಿ ಆಲಿಸಿದಳು.

“ಪಾಪು ಅಳ್ತಾ ಇದೆ” ಎಂದಳು.

“ಅಜ್ಜಿ ಇದ್ದಾರೆ. ಕ್ರಾಸಿಂಗ್ ಆಗಲಿ.”

ಸ್ವಲ್ಪ ಹೊತ್ತು ಇಬ್ಬರೂ ಎದುರು ಗಾಡಿಗಾಗಿ ಕಾದರು. ಆಮೇಲೆ ಅವಳು ಕೆಳಗಿಳಿದು, ಗೋಡೆಯನ್ನು ಹಿಡಿದುಕೊಂಡು, “ಬಾಣಸಂದ್ರ” ಎಂದು ಗಟ್ಟಿಯಾಗಿ ಕೂಗಿ, ಮುಂದಿನ ಮೆಟ್ಟಿಲಿಗೆ ಕಾಲಿಟ್ಟಳು.